‘ಲಿಬಿಡಿ’ಯ ಊರು ಯಾವುದು?

ಮಾರ್ಚ್ ೩, ಮಂಗಳವಾರ

ಮೂರನೆಯ ಬೆಲ್ ಆಯಿತು, ಪರದೆ ಏಳಲಿ! ಹನ್ನೊಂದು ವರ್ಷದಿಂದ ಬಣ್ಣ ಕಾಣದೆ ಮುದುಡಿ ಮಲಗಿದ್ದ ಈ ಹುಲಿಯನ್ನು ಹುಡುಕಿಕೊಂಡು ಇಂದು ಸಾಕ್ಷಾತ್ ವಿಶ್ವವಿದ್ಯಾಲಯವೇ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂತು. ಹತ್ತಿ ಬಂದ ವಿಶ್ವವಿದ್ಯಾಲಯದ ಎತ್ತರ ಐದಡಿ, ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ, ಹೆಗಲಿಗೊಂದು ಚೀಲ, ಕೈಯಲ್ಲೊಂದು ರೆಕಾರ್ಡರು. ಆಚೆದಡದ ಹುಡುಗಿ. ಸೇತುವೆಯ ಆಚೆಗಿರುವವರನ್ನೆಲ್ಲ ನಾವು ಹಾಗೇ ಅನ್ನುವುದು: ಅಜ್ಜಂದಿರ ಕಾಲದಲ್ಲಿ ಬೇರೆಲ್ಲಿಂದಲೋ ಬಂದು ನೆಲೆ ನಿಂತವರು, ಬೇರೆ ಜನಾಂಗ, ಬೇರೆ ಬಣ್ಣ, ಮಾತಿನ ಕೊನೆಯಲ್ಲಿ ಒಂದು ಎಳೆತ.

“ಜನಾಂಗ ಜನಾಂಗದ ನಡುವಿನ ಸಂಬಂಧ ನನ್ನ ಅಧ್ಯಯನ, ಸರ್. ಒಬ್ಬರು ಇನ್ನೊಬ್ಬರನ್ನ ಏನಂತ ಕರೀತಾರೆ, ಆ ಮಾತು ಎಲ್ಲಿಂದ ಬಂತು, ಅದು ಏನೇನು ಮಾಡುತ್ತೆ, ಅಂತ.”

“ಯಾವ ಮಾತಮ್ಮ?”

“ಲಿಬಿಡಿ.”

ಆಹಾಹಾ! ಎದೆ ಹಾರ್ಮೋನಿಯಂ ಪೆಟ್ಟಿಗೆಯ ಹಾಗೆ ಉಬ್ಬಿತು. ಲಿಬಿಡಿ! ಸೂಜಿದಾರ ಮಾರುವ ಆಚೆದಡದ ಮುದುಕನ ಪಾತ್ರ. ಸಾವಿರದ ಇನ್ನೂರು ಪ್ರಯೋಗ. ಮುಖಕ್ಕೆ ಕಾಡಿಗೆ, ತುಟಿಗೆ ಕೆಂಪು, ಗೂನು ಬೆನ್ನು. ನಾನು ರಂಗದ ನಡುವೆ ನಿಂತು ಕತ್ತು ಕುಣಿಸಿ “ಲಿಬಿಡೀ!” ಎಂದರೆ ಸಾಕು, ಹಿಂದಿನ ಬೆಂಚಿನವರು ಮುಂದಿನ ಬೆಂಚಿನವರ ಮೇಲೆ ಬೀಳುತ್ತಿದ್ದರು. ಇವತ್ತಿಗೂ ಊರಿನ ಮಕ್ಕಳ ಬಾಯಲ್ಲಿ ಆ ಮಾತಿದೆ. ಯಾವ ರಾಜಪಾತ್ರದವನ ಮಾತು ಹೀಗೆ ಬದುಕಿದೆ?

ಹುಡುಗಿ ನಗಲಿಲ್ಲ. ಬರೆದುಕೊಂಡಳು. “ಈ ಮಾತನ್ನ ಮೊದಲು ಎಲ್ಲಿ ಕೇಳಿದ್ರಿ ಸರ್?”

ನಾನು ಎಂದಿನಂತೆ ಹೇಳಿದೆ: ಮೂರು ತಿಂಗಳು ಆಚೆದಡದ ದೋಣಿ ಕಡವಿನಲ್ಲಿ ಕುಳಿತೆ, ಅವರ ನಡೆ ಕದ್ದೆ, ನುಡಿ ಕದ್ದೆ, ಕಲಾವಿದನೆಂದರೆ ಕಳ್ಳ!

“ಕಡವಿನಲ್ಲಿ ಎಲ್ಲಿ? ಯಾರ ಬಾಯಲ್ಲಿ?”

ಇಂಥ ಪ್ರಶ್ನೆಯನ್ನು ಈ ತನಕ ಯಾರೂ ಕೇಳಿರಲಿಲ್ಲ. ನೆನಪಿಸಿಕೊಂಡು ಹೇಳುತ್ತೇನೆಂದೆ. ಇವಳಿಗೆ ‘ಪ್ರಶ್ನೆಯಮ್ಮ’ ಎಂದು ಹೆಸರಿಟ್ಟಿದ್ದೇನೆ.

ಮಾರ್ಚ್ ೪, ಬುಧವಾರ

ನಾಟಕ ಸಂಘದ ಕಾರ್ಯದರ್ಶಿಯ ಫೋನು. ಇಪ್ಪತ್ತೆರಡನೇ ತಾರೀಕು ಭಾನುವಾರ ನನಗೆ ಸನ್ಮಾನ! ಬಿರುದು ‘ಲಿಬಿಡಿ ಚಕ್ರವರ್ತಿ’. “ಭಾಷಣ ಬೇಡ ಸರ್, ಆ ಒಂದು ಮಾತು ಒಂದ್ಸಲ ಅಂದ್ರೆ ಸಾಕು, ಹಾಲ್ ಎದ್ದು ಕುಣಿಯುತ್ತೆ.” ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಗಂಟಲು ಇನ್ನೂ ಗಂಟೆಯೇ.

ನಮ್ಮಾಕೆ ಸೊಪ್ಪು ಬಿಡಿಸುತ್ತ ಕೇಳಿದಳು: “ನಿನ್ನೆ ಆ ಮಗೂಗೆ ಮೂರು ತಿಂಗಳು ಕಡವಿನಲ್ಲಿ ಕೂತಿದ್ದೆ ಅಂದ್ರಲ್ಲ, ಯಾವ ಮೂರು ತಿಂಗಳು?”

“ಪ್ರಯೋಗ ಶುರುವಾಗೋ ಮುಂಚಿನ ಮೂರು ತಿಂಗಳು.”

“ಆ ಮೂರು ತಿಂಗಳು ನೀವು ಟೈಫಾಯ್ಡ್ ಬಂದು ಈ ಮಂಚದ ಮೇಲೆ ಮಲಗಿದ್ರಿ. ಗಂಜಿ ಕುಡಿಸಿ ಕುಡಿಸಿ ನನ್ನ ಕೈ ಬಿದ್ದುಹೋಗಿತ್ತು. ನನಗೆ ಮರೆಯುತ್ತಾ?”

ಹೆಂಡತಿಯರಿಗೆ ಯಾವುದು ಯಾವ ವರ್ಷ ಎಂಬುದು ಗೊಂದಲ.

ಮಾರ್ಚ್ ೭, ಶನಿವಾರ

ಪ್ರಶ್ನೆಯಮ್ಮ ಮತ್ತೆ ಬಂದಳು. ಆಚೆದಡದಲ್ಲಿ ನಲವತ್ತಮೂರು ಮಂದಿ ಮುದುಕ ಮುದುಕಿಯರನ್ನು ಮಾತನಾಡಿಸಿದ್ದಾಳಂತೆ. ಒಬ್ಬರ ಬಾಯಲ್ಲೂ ‘ಲಿಬಿಡಿ’ ಇಲ್ಲವಂತೆ. ಅಜ್ಜಿ ಹೇಳಿದ್ದೂ ಇಲ್ಲ, ಅಜ್ಜ ಬೈದದ್ದೂ ಇಲ್ಲ.

“ಅವರಿಗೆ ನಾಚಿಕೆ ಇರಬಹುದಮ್ಮ. ಮುಚ್ಚಿಡ್ತಾರೆ.”

“ಇರಬಹುದು ಸರ್,” ಎಂದಳು. ಜಗಳವಾಡಿದ್ದರೆ ಗೆದ್ದುಬಿಡುತ್ತಿದ್ದೆ. ಇವಳು ‘ಇರಬಹುದು’ ಎಂದು ಬರೆದುಕೊಳ್ಳುತ್ತಾಳೆ! ಇಂಥವರ ಜೊತೆ ಹೇಗೆ ಕತ್ತಿ ಹಿಡಿಯುವುದು?

ಆಮೇಲೆ ಚೀಲದಿಂದ ಒಂದು ಕಾಗದ ತೆಗೆದಳು. ಇವಳ ಅಕ್ಕ ಪಾರ್ಸಲ್ ಕಂಪನಿಯ ವಿಂಗಡಣೆ ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ಕೆಲಸಗಾರ್ತಿ. ಜೊತೆಯವರು ಅವಳನ್ನು ಹೆಸರಿನಿಂದ ಕರೆಯುವುದೇ ಇಲ್ಲ, ‘ಲಿಬಿಡಿ’. ಅಲ್ಲಿರುವ ಅವಳ ಬೀರುವಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ, ಲಿಬಿಡಿ. ಮೇಸ್ತ್ರಿಯ ಹುದ್ದೆ ಖಾಲಿಯಾದಾಗ ಸಾಹೇಬರು ಅಂದರಂತೆ, ‘ಲಿಬಿಡಿ ಮೇಸ್ತ್ರಿ ಆದ್ರೆ ಯಾರು ಮಾತು ಕೇಳ್ತಾರೆ?’ ಅಕ್ಕ ದೂರು ಕೊಟ್ಟಳು. ಬಂದ ಉತ್ತರವೇ ಆ ಕಾಗದ. ಕನ್ನಡಕ ಹಾಕಿಕೊಂಡು ಓದಿದೆ:

‘ಸದರಿ ಪದವು ದೂರುದಾರರ ಜನಾಂಗದವರೇ ಆಡುವ ಸಹಜ ನುಡಿಯಾಗಿದ್ದು, ಇದನ್ನು ಹೆಸರಾಂತ ಕಲಾವಿದರೊಬ್ಬರು ಸ್ಮರಣ ಸಂಚಿಕೆಯ ಸಂದರ್ಶನದಲ್ಲಿ ಖಚಿತಪಡಿಸಿದ್ದಾರೆ. ಆದ್ದರಿಂದ ಅವಹೇಳನವೆಂದು ಪರಿಗಣಿಸಲಾಗದು.’

ಹೆಸರಾಂತ ಕಲಾವಿದ ನಾನು.

ಹತ್ತೊಂಬತ್ತನೇ ತಾರೀಕು ಮರುವಿಚಾರಣೆಯಂತೆ. ಅಲ್ಲೂ ಇದೇ ಮಾತು ನಿಂತರೆ ದೂರು ಮುಗಿಯಿತು. ಸುಳ್ಳು ದೂರು ಕೊಟ್ಟಳೆಂದು ಅಕ್ಕನ ಕೆಲಸವೂ ಹೋಗಬಹುದು.

“ನಾನು ಏನೂ ಬೇಡಿಕೊಳ್ಳೋಕೆ ಬಂದಿಲ್ಲ ಸರ್. ನೀವು ನಮ್ಮವರ ಬಾಯಲ್ಲಿ ಕೇಳಿದ್ದು ನಿಜವಾದ್ರೆ ನಿಜ ಅಂತಲೇ ಬರೀತೀನಿ. ಅಕ್ಕನಿಗೂ ಹಾಗೇ ಹೇಳ್ತೀನಿ. ಎಲ್ಲಿ ಕೇಳಿದ್ರಿ ಅಷ್ಟು ಹೇಳಿ.”

ಹೇಳುತ್ತೇನೆ! ಸಾಕ್ಷಿ ಸಮೇತ ಹೇಳುತ್ತೇನೆ! ಆಚೆದಡಕ್ಕೆ ಹೋಗಿ ಆ ಮಾತನ್ನಾಡುವ ಒಬ್ಬನನ್ನಾದರೂ ಕಿವಿ ಹಿಡಿದು ಎಳೆದು ತರುತ್ತೇನೆ. ಇದು ನನ್ನ ಪ್ರತಿಜ್ಞೆ.

ಮಾರ್ಚ್ ೧೦, ಮಂಗಳವಾರ

ಸೇತುವೆ ದಾಟಿದೆ. ನಡೆದು! ನಾನೂರ ಹನ್ನೆರಡು ಹೆಜ್ಜೆ. ಗುರುತು ಹತ್ತಬಾರದೆಂದು ಟೋಪಿ ಹಾಕಿ, ಮಫ್ಲರು ಸುತ್ತಿ, ಕುಂಟುತ್ತ ಹೋದೆ. ಅರ್ಧ ದಾರಿಯಲ್ಲಿ ಯಾವ ಕಾಲು ಕುಂಟು ಎಂಬುದು ಮರೆತುಹೋಯಿತು.

ಕಡವು ಎಲ್ಲಿ ಎಂದು ಒಬ್ಬನನ್ನು ಕೇಳಿದೆ. “ಕಡವಾ? ಸೇತುವೆ ಆದಮೇಲೆ ಕಡವು ಎಲ್ಲಿದೆ ಅಜ್ಜಾ? ನಮ್ಮಪ್ಪ ಹುಟ್ಟೋ ಮೊದಲೇ ಹೋಯ್ತು.”

ಇದನ್ನು ಯಾರಿಗೂ ಹೇಳಬೇಕಾಗಿಲ್ಲ.

ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಕಿವಿಯನ್ನು ಮೊರದಷ್ಟು ಅಗಲ ಮಾಡಿಕೊಂಡೆ. ಎಷ್ಟು ಮಾತು! ಗ್ಯಾಸ್ ಸಿಲಿಂಡರು, ಮಗಳ ಪರೀಕ್ಷೆ, ಯಾರದೋ ಮೊಣಕಾಲು, ಸೊಸೆಯ ಮೌನ. ಮಾತಿನ ಕೊನೆಯಲ್ಲಿ ಎಳೆತವಿದೆ, ನಿಜ. ಆದರೆ ನಾನು ರಂಗದಲ್ಲಿ ಎಳೆಯುತ್ತಿದ್ದ ಕಡೆಯಲ್ಲಲ್ಲ. ಪ್ರಶ್ನೆ ಕೇಳುವಾಗ ಮಾತ್ರ ಎಳೆಯುತ್ತಾರೆ. ಇಷ್ಟು ಪ್ರಯೋಗ ಮಾಡಿ ಇದು ನನಗೆ ಹೇಗೆ ತಿಳಿಯದೇ ಹೋಯಿತು? ಮತ್ತೆ ಬಣ್ಣ. ಬೆಂಚಿನ ಮೇಲಿದ್ದ ಆರು ಜನಕ್ಕೆ ಆರು ಬಣ್ಣ. ನನ್ನ ಮೇಕಪ್ ಡಬ್ಬಿಯ ಕಾಡಿಗೆ ಅವರಲ್ಲಿ ಯಾರ ಬಣ್ಣವೂ ಅಲ್ಲ. ಒಬ್ಬನಂತೂ ನನಗಿಂತ ಕೆಂಪಗಿದ್ದ!

ಮೂರು ಲೋಟ ಚಹಾ. ‘ಲಿಬಿಡಿ’ ಸೊನ್ನೆ.

ಮಾರ್ಚ್ ೧೧, ಬುಧವಾರ

ಮತ್ತೆ ಹೋದೆ. ಲಾಂಡ್ರಿ ಅಂಗಡಿ, ಬಸ್ ನಿಲ್ದಾಣ, ಆಸ್ಪತ್ರೆಯ ಚೀಟಿ ಬರೆಸುವ ಸಾಲು. ಸೊನ್ನೆ, ಸೊನ್ನೆ, ಸೊನ್ನೆ. ಸಾಲಿನಲ್ಲಿ ನಿಂತಿದ್ದಕ್ಕೆ ನನಗೂ ಒಂದು ಚೀಟಿ ಬರೆದು ಬಿ.ಪಿ. ನೋಡಿದರು. ಜಾಸ್ತಿ ಇದೆಯಂತೆ.

ಆ ಎಳೆತವನ್ನು ಮನೆಯಲ್ಲಿ ಅಭ್ಯಾಸ ಮಾಡಿದೆ. ಪ್ರಶ್ನೆಯಲ್ಲಿ ಮಾತ್ರ. ಸೊಗಸಾಗಿದೆ, ಉತ್ತರಕ್ಕೆ ಜಾಗ ಬಿಟ್ಟು ಕೇಳಿದ ಹಾಗೆ.

ಮಾರ್ಚ್ ೧೩, ಶುಕ್ರವಾರ

ಕ್ಷೌರದಂಗಡಿ! ಊರಿನ ಮಾತೆಲ್ಲ ಉದುರುವುದು ಅಲ್ಲಿಯೇ ಎಂದು ಹೊಳೆದದ್ದೇ ತಡ, ಹೋಗಿ ಕುರ್ಚಿಯಲ್ಲಿ ಕುಳಿತೆ. ಕ್ಷೌರಿಕನಿಗೆ ನಲವತ್ತೈದರ ಆಚೀಚೆ ವಯಸ್ಸು. ಗಲ್ಲಕ್ಕೆ ನೊರೆ ಹಚ್ಚಿ ಕತ್ತಿ ಎತ್ತಿದ. ನಾನು ಬಹಳ ನಾಜೂಕಾಗಿ, ಏನೂ ಅರಿಯದವನಂತೆ, “ಅಲ್ಲಪ್ಪಾ, ಈ ಲಿಬಿಡಿ ಅಂತಾರಲ್ಲ, ಅದು ನಿಮ್ಮ ಕಡೆ ಮಾತಂತೆ?” ಎಂದೆ.

ಕತ್ತಿ ನಿಂತಿತು. ಎಲ್ಲಿ? ಸರಿಯಾಗಿ ನನ್ನ ಕಂಠನಾಳದ ಮೇಲೆ.

“ಯಜಮಾನ್ರೆ, ನಿಮ್ಮ ಮುಖ ಗೊತ್ತಾಗಿರಲಿಲ್ಲ. ಧ್ವನಿ ಗೊತ್ತಾಯ್ತು.”

ಜೀವಮಾನದಲ್ಲಿ ಮೊದಲ ಸಲ ನನ್ನ ಧ್ವನಿ ನನಗೆ ಬೇಡವೆನಿಸಿತು.

“ಹೆದರಬೇಡಿ,” ಎಂದು ಗಲ್ಲ ತಿರುಗಿಸಿ ಕೆಲಸ ಮುಂದುವರಿಸಿದ. “ಆ ಮಾತು ನಿಮ್ಮ ಕಡೆಯಿಂದ ನಮಗೆ ಬಂದಿದ್ದು. ನನಗೆ ದಿನ ಸಮೇತ ನೆನಪಿದೆ. ಐದನೇ ಕ್ಲಾಸು, ಸೋಮವಾರ. ಹಾಜರಿ ಕೂಗುವಾಗ ಮೇಷ್ಟ್ರು ನನ್ನ ಹೆಸರು ಬಿಟ್ಟು ‘ಲಿಬಿಡಿ’ ಅಂದ್ರು. ಕ್ಲಾಸೆಲ್ಲ ನಗು. ನನಗೆ ಅರ್ಥ ಆಗಲಿಲ್ಲ. ಮನೆಗೆ ಹೋಗಿ ಅಪ್ಪನ್ನ ಕೇಳ್ದೆ, ಲಿಬಿಡಿ ಅಂದ್ರೆ ಏನು ಅಂತ. ಅಪ್ಪನಿಗೂ ಗೊತ್ತಿರಲಿಲ್ಲ. ಪಾಪ, ಅವರು ಅದು ಇಂಗ್ಲಿಷ್ ಇರ್ಬೇಕು ಅಂದ್ರು.”

“ಆಮೇಲೆ?”

“ಆಮೇಲೆ ಏನು, ‘ಹಾಜರ್ ಸರ್’ ಅಂದೆ. ವರ್ಷವೆಲ್ಲ ಅಂದೆ.” ನೊರೆ ಒರೆಸಿದ. “ನನಗೂ ಒಂದು ಕುತೂಹಲ ಯಜಮಾನ್ರೆ. ನಿಮಗೆ ಅದು ಎಲ್ಲಿ ಸಿಕ್ತು?”

ಪ್ರಶ್ನೆಯ ಕೊನೆಯಲ್ಲಿ ಆ ಎಳೆತ.

ಮಾರ್ಚ್ ೧೪, ಶನಿವಾರ

ಬರೆಯಲು ಏನೂ ಇಲ್ಲ. ಟೈಫಾಯ್ಡಿನ ವರ್ಷದ ಬಗ್ಗೆ ನಮ್ಮಾಕೆ ಹೇಳಿದ್ದು ಸರಿ. ಆಸ್ಪತ್ರೆಯ ಹಳೆಯ ಚೀಟಿ ತೋರಿಸಿದಳು.

ಮಾರ್ಚ್ ೧೬, ಸೋಮವಾರ

ಇಂದಿನದನ್ನು ಒಂದಕ್ಷರ ಬಿಡದೆ ಬರೆಯಬೇಕು.

ಆಚೆದಡದಲ್ಲಿ ಆ ಮಾತು ಇಲ್ಲ, ನಾನು ಅಲ್ಲಿ ಕೂತದ್ದೂ ಇಲ್ಲ. ಹಾಗಾದರೆ ಅದು ನನ್ನ ಬಾಯಿಗೆ ಬಂದದ್ದು ಎಲ್ಲಿಂದ? ನಾಟಕದಲ್ಲಿ ಬರೆದದ್ದೆಲ್ಲ ಗೊತ್ತಿರುವ ಮನುಷ್ಯ ಒಬ್ಬನೇ: ನಮ್ಮ ನಾಟಕ ಕಂಪನಿಯ ಪ್ರಾಂಪ್ಟರ್. ರಂಗದ ಪಕ್ಕದಲ್ಲಿ ನಿಂತು, ಮಾತು ಮರೆತವರಿಗೆ ಮೂವತ್ತು ವರ್ಷ ಪಿಸುಗುಟ್ಟಿದವನು. ಅದಕ್ಕೇ ಅವನು ಪಿಸುಮಾತಪ್ಪ. ಈಗ ಎಂಬತ್ತೆರಡು, ಕಿವಿ ಮಂದ, ಮಗಳ ಮನೆಯ ಮಹಡಿಯ ಕೋಣೆಯಲ್ಲಿ ಟ್ರಂಕಿನ ತುಂಬ ನಾಟಕಗಳ ಹಳೆಯ ಕೈಬರಹದ ಪ್ರತಿಗಳು. ನಾನು ಕಿರುಚಬೇಕು, ಅವನು ಪಿಸುಗುಡುತ್ತಾನೆ. ಬೀದಿಯಲ್ಲಿ ಹೋಗುವವರಿಗೆ ನನ್ನ ಪ್ರಶ್ನೆ ಮಾತ್ರ ಕೇಳಿಸಿರಬೇಕು.

“ಲಿಬಿಡಿ ಅನ್ನೋ ಮಾತು ಪ್ರತಿಯಲ್ಲಿ ಇತ್ತಾ ಅಣ್ಣಾ?”

ಪಿಸುಮಾತಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಈಗ ಕೇಳ್ತಿದ್ದೀಯಾ ಮುಠ್ಠಾಳ? ಮೂವತ್ತನಾಲ್ಕು ವರ್ಷ ಆದಮೇಲೆ?”

ಟ್ರಂಕು ತೆರೆಸಿದ. ಪ್ರತಿ ಸಿಕ್ಕಿತು. ಮೂರನೇ ಅಂಕ, ಎರಡನೇ ದೃಶ್ಯ. ದೊಡ್ಡ ಮನೆಯ ಯಜಮಾನಿ ಸೂಜಿದಾರದ ಮುದುಕನನ್ನು ಕಳ್ಳನೆಂದು ಜನರ ಮುಂದೆ ಬೈಯುತ್ತಾಳೆ. ಕಳೆದ ಸರ ಅವಳ ಪೆಟ್ಟಿಗೆಯಲ್ಲೇ ಸಿಗುತ್ತದೆ. ಅವಳು ‘ತಪ್ಪಾಯಿತು’ ಎನ್ನುತ್ತಾಳೆ. ಮುದುಕ ಗಂಟು ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, ಒಂದು ಮಾತು ಹೇಳಿ ಹೋಗುತ್ತಾನೆ. ಪ್ರತಿಯಲ್ಲಿ ನೀಲಿ ಶಾಯಿಯಲ್ಲಿ ಆ ಮಾತಿತ್ತು:

‘ಇರಲಿ ಬಿಡಿ.’

ನನಗೆ ಎಲ್ಲವೂ ನೆನಪಾಯಿತು. ಮೊದಲ ಪ್ರಯೋಗ. ಬಾಗಿಲು. ತಲೆಯೊಳಗೆ ಬಿಳಿ ಗೋಡೆ. ಪಕ್ಕಕ್ಕೆ ಕಿವಿ ಕೊಟ್ಟೆ.

“ಅವತ್ತು ನನಗೆ ಕೆಮ್ಮು,” ಪಿಸುಮಾತಪ್ಪ ಪಿಸುಗುಟ್ಟಿದ. “ಬಾಯಲ್ಲಿ ಶುಂಠಿ ಪೆಪ್ಪರ್‌ಮೆಂಟು. ‘ಇರ’ ಅನ್ನೋದು ಪೆಪ್ಪರ್‌ಮೆಂಟಿನ ಜೊತೆ ಗಂಟಲಿಗೆ ಹೋಯ್ತು. ಹೊರಗೆ ಬಂದದ್ದು ‘ಲಿಬಿಡಿ’ ಅಷ್ಟೇ. ನೀನು ಯೋಚನೆ ಮಾಡ್ತೀಯಾ? ಆನೆ ಘೀಳಿಟ್ಟ ಹಾಗೆ ಕೂಗಿಬಿಟ್ಟೆ! ಜನ ಬಿದ್ದು ಬಿದ್ದು ನಕ್ಕರು. ನೀನು ಕತ್ತು ಕುಣಿಸಿ ಇನ್ನೆರಡು ಸಲ ಅಂದೆ.”

ಮರುದಿನ ಕಂಪನಿಯ ಮಾಲೀಕರು ಬೆನ್ನು ತಟ್ಟಿ, ‘ಇನ್ಮೇಲೆ ಹಾಗೇ ಇರಲಿ’ ಅಂದದ್ದು ನನಗೇ ನೆನಪಿದೆ. ಬೆನ್ನಿಗೆ ಗೂನು ಬಂತು. ಬಣ್ಣ ಇನ್ನೂ ಕಪ್ಪಾಯಿತು. ವರ್ಷಗಳ ನಂತರ ಯಾರೋ ಸಂದರ್ಶನಕ್ಕೆ ಬಂದು ಎಲ್ಲಿ ಕಲಿತಿರಿ ಎಂದರು. ಮರೆತು ಕೂಗಿದೆ ಎನ್ನುವುದು ಹೇಗೆ? ಮೂರು ತಿಂಗಳು ಕಡವಿನಲ್ಲಿ ಕೂತೆ ಎಂದೆ. ಅವರು ಮೆಚ್ಚಿದರು. ನಾನೂ ನಂಬಿದೆ.

“ಯಾಕಣ್ಣಾ ಆಮೇಲಾದ್ರೂ ಹೇಳಲಿಲ್ಲ?”

“ಪ್ರಾಂಪ್ಟರು ಮರೆತವನಿಗೆ ಹೇಳ್ತಾನಪ್ಪ. ನೀನು ಮರೆತಿದ್ದೇ ನಿನಗೆ ಗೊತ್ತಿರಲಿಲ್ಲವಲ್ಲ.”

ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದೇನೆ.

ಮಾರ್ಚ್ ೧೭, ಮಂಗಳವಾರ

ಹೇಳಿದರೆ ಏನಾಗುತ್ತದೆ? ಚಕ್ರವರ್ತಿ ಪಟ್ಟ ಹೋಗುತ್ತದೆ. ಮಾತು ಮರೆತ ನಟ, ಸಂದರ್ಶನದಲ್ಲಿ ಸುಳ್ಳು ಹೇಳಿದ ನಟ ಎಂದು ಊರು ಆಡಿಕೊಳ್ಳುತ್ತದೆ. ಸಾವಿರದ ಇನ್ನೂರು ಪ್ರಯೋಗಗಳಲ್ಲಿ ನನ್ನದೆಂದು ಉಳಿದದ್ದು ಅದೊಂದೇ ಮಾತು. ಅದೂ ನನ್ನದಲ್ಲ, ಪೆಪ್ಪರ್‌ಮೆಂಟಿನದು.

ಹೇಳದಿದ್ದರೆ? ಪಿಸುಮಾತಪ್ಪನಿಗೆ ಎಂಬತ್ತೆರಡು. ಇನ್ಯಾರಿಗೂ ಗೊತ್ತಿಲ್ಲ.

ನಮ್ಮಾಕೆಗೆ ಎಲ್ಲ ಹೇಳಿದೆ. ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು. “ರೀ, ಹತ್ತೊಂಬತ್ತಕ್ಕೆ ಯಾವ ಶರ್ಟು ಇಸ್ತ್ರಿ ಮಾಡ್ಲಿ?” ಎಂದಳು.

“ನಾನು ಹೋಗ್ತೀನಿ ಅಂತ ಎಲ್ಲಿ ಅಂದೆ?”

“ಅಂದಿಲ್ಲ. ಬಿಳೀದೋ ನೀಲಿದೋ?”

ಕಾರ್ಯದರ್ಶಿಗೆ ಫೋನು ಮಾಡಿ ವಿಷಯ ತಿಳಿಸಿದೆ. “ಸರ್, ಫ್ಲೆಕ್ಸ್ ಪ್ರಿಂಟ್ ಆಗೋಗಿದೆ,” ಎಂದ. ಅವನ ಕಷ್ಟ ಅವನಿಗೆ.

ಬಿಳಿ ಶರ್ಟು.

ಮಾರ್ಚ್ ೧೯, ಗುರುವಾರ

ಪಾರ್ಸಲ್ ಕಂಪನಿಯ ಎರಡನೇ ಮಹಡಿ. ಉದ್ದ ಮೇಜು, ಮೂವರು ಅಧಿಕಾರಿಗಳು, ಕೆಳಗಿನಿಂದ ಪೆಟ್ಟಿಗೆ ಉರುಳುವ ಗಡಗಡ. ಒಂದು ಕಡೆ ಪ್ರಶ್ನೆಯಮ್ಮ, ಅವಳ ಪಕ್ಕ ಅಕ್ಕ. ಕಂಪನಿಯ ನೀಲಿ ಕೋಟು, ಮೊಣಕೈವರೆಗೆ ಮಡಿಸಿದ ತೋಳು, ನನ್ನನ್ನು ನೋಡಿದ್ದು ಒಂದೇ ಸಲ.

ಅಕ್ಕನ ಕಡೆಯ ಸಾಕ್ಷಿಯೆಂದು ಕರೆದಾಗ ನಾನು ಎದ್ದು, ಕೊನೆಯ ಬೆಂಚಿಗೆ ಕೇಳುವ ಧ್ವನಿಯಲ್ಲಿ “ಮಾನ್ಯರೇ!” ಎಂದೆ.

“ಸ್ವಲ್ಪ ಮೆಲ್ಲಗೆ ಹೇಳಿ,” ಎಂದರು ನಡುವಿನ ಮೇಡಂ. “ಕೋಣೆ ಚಿಕ್ಕದು.”

ಮೆಲ್ಲಗೆ ಹೇಳಿದೆ. ಎಷ್ಟು ಕಷ್ಟ! ಧ್ವನಿ ತಗ್ಗಿಸಿದ ಮೇಲೆ ಉಳಿಯುವುದು ಬರೀ ಮಾತು. ಟೈಫಾಯ್ಡು, ಮರೆವು, ಪೆಪ್ಪರ್‌ಮೆಂಟು, ಸಂದರ್ಶನದ ಸುಳ್ಳು. ಪ್ರತಿಯನ್ನು ತೆರೆದು ನೀಲಿ ಶಾಯಿಯ ಸಾಲು ತೋರಿಸಿದೆ.

“ಹಾಗಾದ್ರೆ ನೀವು ರಂಗದ ಮೇಲೆ ಅಂದದ್ದು ಏನು?” ಬರೆದುಕೊಳ್ಳುತ್ತಿದ್ದವರು ಕೇಳಿದರು.

“ಲಿಬಿಡಿ.”

ಬಲಗಡೆಯ ಅಧಿಕಾರಿಗೆ ನಗು ಬಂತು. ತಡೆದುಕೊಂಡರು, ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದರು. ಯಾವಾಗಲೂ ನಗು ಮುಗಿಯಲೆಂದು ಕಾದು ಮುಂದಿನ ಮಾತು ಹೇಳುವುದು ನನ್ನ ಅಭ್ಯಾಸ. ಇಂದು ಕಾಯಲಿಲ್ಲ. “ಅದು ಯಾವ ಜನಾಂಗದ ನುಡಿಯೂ ಅಲ್ಲ ಸಾರ್. ನನ್ನ ತಪ್ಪು. ಹಾಗೇ ಬರ್ಕೊಳ್ಳಿ,” ಎಂದೆ.

ಹಳೆಯ ಉತ್ತರವನ್ನು ಹಿಂದಕ್ಕೆ ಪಡೆದು ದೂರನ್ನು ಮೊದಲಿಂದ ವಿಚಾರಿಸುತ್ತಾರಂತೆ. ಗೆಲುವಲ್ಲ, ಆದರೆ ಮುಚ್ಚಿದ್ದ ಬಾಗಿಲು ತೆರೆದಿದೆ ಎಂದಳು ಪ್ರಶ್ನೆಯಮ್ಮ.

ಹೊರಗೆ ಓಣಿಯಲ್ಲಿ ಅಕ್ಕನ ಮುಂದೆ ನಿಂತು “ತಪ್ಪಾಯ್ತಮ್ಮ,” ಎಂದೆ. ಅವಳು ಕೋಟಿನ ಗುಂಡಿ ಹಾಕಿಕೊಂಡಳು.

“ನನಗಲ್ಲ ಹೇಳ್ಬೇಕಾದ್ದು. ಆ ಮೊದಲನೇ ನಾಟಕಕ್ಕೆ ನಮ್ಮಮ್ಮ ಬಂದಿದ್ರು. ನಾನು ಹೊಟ್ಟೇಲಿದ್ದೆ.”

“ಅಮ್ಮನಾ?” ಪ್ರಶ್ನೆಯಮ್ಮ ಬೆಚ್ಚಿದಳು. “ನನಗ್ಯಾಕೆ ಹೇಳ್ಲಿಲ್ಲ?”

“ನಿನಗೆ ಹೇಳಿದ್ರೆ ರೆಕಾರ್ಡರ್ ಇಟ್ಕೊಂಡು ಕೂತ್ಕೋತೀಯ ಅಂತ.” ಅಕ್ಕ ನನ್ನತ್ತ ತಿರುಗಿದಳು. “ಶನಿವಾರ ಮನೇಲಿರ್ತಾರೆ. ಬನ್ನಿ ಬೇಕಾದ್ರೆ. ನನಗೆ ಶಿಫ್ಟಿಗೆ ಹೊತ್ತಾಯ್ತು.”

ಮಾರ್ಚ್ ೨೧, ಶನಿವಾರ

ಸನ್ಮಾನ ಮುಂದೂಡಿದ್ದಾರೆ. ದಿನಾಂಕ ಆಮೇಲೆ ತಿಳಿಸುತ್ತಾರಂತೆ.

ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೆ, ಏಳು. ಎಲ್ಲಿ ಕೂತಿದ್ದಿರಿ, ಯಾರ ಜೊತೆ ಬಂದಿದ್ದಿರಿ, ಆ ಮಾತು ಕೇಳಿದಾಗ ಸುತ್ತಲಿನವರು ನಿಮ್ಮ ಕಡೆ ನೋಡಿದರೇ, ಎದ್ದು ಹೋದಿರೇ, ಹೀಗೆ.

ಮೂರನೇ ಮಹಡಿ, ಎರಡು ಕೋಣೆ, ಕಿಟಕಿಯ ಬಳಿ ಹೊಲಿಗೆ ಯಂತ್ರ. ಅವರಿಗೆ ಅರವತ್ತು ಇರಬಹುದು. ದಿಂಬಿನ ಚೀಲ ಹೊಲಿಯುತ್ತಿದ್ದರು. ಕುರ್ಚಿ ತೋರಿಸಿದರು. ನಾನು ಚೀಟಿ ತೆಗೆಯುವ ಮೊದಲೇ ಅವರು ಶುರುಮಾಡಿದರು.

“ಮೂರನೇ ಸಾಲಲ್ಲಿ ಕೂತಿದ್ದೆ. ಮದುವೆಯಾಗಿ ಆರು ತಿಂಗಳು, ನಮ್ಮನೆಯವರು ಮೊದಲ ಸಲ ನಾಟಕಕ್ಕೆ ಕರ್ಕೊಂಡು ಹೋಗಿದ್ರು. ನೀವು ಲಿಬಿಡೀ ಅಂದಾಗ ನಾನೂ ನಕ್ಕೆ.”

ಚೀಟಿಗೆಂದು ಜೇಬಿಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದೆ.

“ಎಲ್ಲರಿಗಿಂತ ಜಾಸ್ತಿ ನಕ್ಕೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ಎಂಥ ಪೆದ್ದು ಮುದುಕ ಅಂತ. ಅದು ನಾವು ಅಂತ ನನಗೆ ಗೊತ್ತೇ ಆಗ್ಲಿಲ್ಲ. ನಗ್ತಾ ನಗ್ತಾನೇ ಸೇತುವೆ ಹತ್ತಿದ್ವಿ. ಅರ್ಧಕ್ಕೆ ಬಂದಾಗ ಹಿಂದಿನಿಂದ ನಾಲ್ಕೈದು ಜನ ಲಿಬಿಡೀ ಅಂತ ಕೂಗಿದ್ರು. ನಾನು ತಿರುಗಿ ನೋಡ್ದೆ, ನೀವೇ ಬಂದ್ರೇನೋ ಅಂತ. ನೀವಿರಲಿಲ್ಲ. ನಾವೇ ಇದ್ದದ್ದು.”

ಯಂತ್ರದ ಚಕ್ರಕ್ಕೆ ಕೈ ಕೊಟ್ಟರು. ಒಂದು ಬದಿ ಹೊಲಿದು ಮುಗಿಸಿದರು.

“ಅಲ್ಲಿ ನಿಜವಾಗಿ ಏನು ಹೇಳ್ಬೇಕಿತ್ತು ನೀವು? ಮಗಳು ಹೇಳಿದ್ಳು ಏನೋ ಬೇರೆ ಮಾತಿತ್ತಂತೆ.”

ಕುರ್ಚಿಯಲ್ಲೇ ಕುಳಿತು, ಮೆಲ್ಲಗೆ, ಗೂನಿಲ್ಲದೆ, ಬಣ್ಣವಿಲ್ಲದೆ ಹೇಳಿದೆ: “ಇರಲಿ ಬಿಡಿ.”

ಅವರು ನೂಲು ಹಲ್ಲಿನಲ್ಲಿ ಕಡಿದು, ಆ ಮಾತನ್ನು ಬಟ್ಟೆಯ ಹಾಗೆ ತಿರುಗಿಸಿ ನೋಡಿದರು.

“ಚೆನ್ನಾಗಿತ್ತಲ್ಲ ಮಾತು,” ಎಂದರು. “ಎರಡೇ ಎರಡು ಪದ. ಯಾಕೆ ಮರೆತ್ರಿ?”

ಮನೆಗೆ ಬಂದಾಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ರಾಜನ ಪಾತ್ರದ ನಾಲ್ಕು ಪುಟ ಈಗಲೂ ಬಾಯಿಗೆ ಬರುತ್ತದೆ. ಅದನ್ನು ಒಂದು ಅಕ್ಷರ ತಪ್ಪದೆ ಕಲಿತಿದ್ದೆ. ಸೂಜಿದಾರದ ಮುದುಕನ ಮಾತನ್ನು ಪ್ರಯೋಗದ ದಿನದ ತನಕ ಒಂದು ಸಲವಾದರೂ ಓದಿದ್ದೆನೇ?